ಕಣ ಉಳಿಯಿತು, ಒಕ್ಕಿದವರು ಎಲ್ಲಿ ಹೋದರು?

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸುತ್ತಾಡಿದರೆ ಒಮ್ಮೆಯಾದರೂ ನೀವು ಹಳೇ 'ಬಾರ್ನ್' ಒಂದರೊಳಗೆ ಕೂತು ಊಟ ಮಾಡಿರ್ತೀರಿ. ನೂರಾರು ವರ್ಷ ಹಳೆಯ ಈ ಬಾರ್ನ್‌ಗಳು ಈಗ ಮದುವೆ ಹಾಲ್, ಕೆಫೆ, ದುಬಾರಿ ಮನೆ, ಪಬ್ ಆಗಿವೆ. ಕಳೆದ ಚಳಿಗಾಲದಲ್ಲಿ ನಾನು ಮತ್ತು ಮಂಡ್ಯ ಕಡೆಯ ಗೆಳೆಯನೊಬ್ಬ ಹೋಗಿದ್ದು ಎಸೆಕ್ಸ್ ಕೌಂಟಿಯ ಅಂಥದ್ದೊಂದು ಪಬ್‌ಗೆ. ಒಂದು ಅಂಗಳ, ಅದರ ಸುತ್ತ ಮೂರು ಬಾರ್ನ್. ಒಂದರಲ್ಲಿ ಬಾರ್ ಕೌಂಟರ್, ಇನ್ನೊಂದರಲ್ಲಿ ಊಟದ ಹಾಲ್, ಮೂರನೆಯದು ಪಾರ್ಟಿಗಳಿಗೆ. ತಲೆ ಎತ್ತಿದರೆ ದೇವಸ್ಥಾನದಷ್ಟು ಎತ್ತರದ ಮಾಡು, ಕಪ್ಪಗಾದ ಓಕ್ ಮರದ ಕಂಬ, ತೊಲೆ. ಚೆನ್ನಾಗಿದೆ. ಅದರಲ್ಲಿ ಎರಡು ಮಾತಿಲ್ಲ.

ಗೋಡೆಯ ಮೇಲೊಂದು ಬೋರ್ಡ್ ಇತ್ತು. ಓಕ್ ಮರದ ಬಗ್ಗೆ, ಹೆಂಚಿನ ಬಗ್ಗೆ, ಎಷ್ಟು 'ಪ್ರೀತಿಯಿಂದ' ರಿಪೇರಿ ಮಾಡಿದ್ದಾರೆ ಅನ್ನೋದರ ಬಗ್ಗೆ ಬರೆದಿದ್ದರು. ಅಲ್ಲಿ ದುಡಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೆ ಆ ಕಟ್ಟಡದ ಒಂದೊಂದು ಭಾಗವೂ ದುಡಿಮೆಯ ಕಥೆಯನ್ನೇ ಹೇಳುತ್ತೆ. ಅದನ್ನ ಓದೋದು ಹೇಗೆ ಅಂತ ಹೇಳೋಕೇ ಈ ಲೇಖನ.

ಸೂರು ಕಟ್ಟಿದ ಕಣ

ನಿಘಂಟು ತೆಗೆದರೆ ಬಾರ್ನ್ ಅಂದರೆ ಕಣಜ ಅಂತಲೋ ಕೊಟ್ಟಿಗೆ ಅಂತಲೋ ಸಿಗುತ್ತೆ. ಎರಡೂ ಪೂರ್ತಿ ಸರಿಯಲ್ಲ. ಹಳೇ ಇಂಗ್ಲಿಷ್ ಬಾರ್ನ್‌ನ ಮುಖ್ಯ ಕೆಲಸ ಕೊಯ್ದ ಪೈರನ್ನು ಸಿವುಡು ಸಮೇತ ಒಟ್ಟಿ ಇಡೋದು, ಆಮೇಲೆ ಚಳಿಗಾಲವಿಡೀ ಅಲ್ಲೇ ಒಕ್ಕೋದು. ಒಕ್ಕಿದ ಕಾಳು ಸಾಮಾನ್ಯವಾಗಿ ಬೇರೆ ಕಣಜಕ್ಕೆ ಹೋಗ್ತಿತ್ತು.

ನಾವು ಕೂತಿದ್ದ ಹಾಲ್‌ನ ಎರಡೂ ಉದ್ದ ಗೋಡೆಗಳಲ್ಲಿ, ಎದುರುಬದುರಾಗಿ, ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲುಗಳಿದ್ದವು. ಈಗ ಅವಕ್ಕೆ ಗಾಜು ಹಾಕಿದ್ದಾರೆ. ಪೈರು ತುಂಬಿದ ಗಾಡಿ ಒಂದು ಬಾಗಿಲಲ್ಲಿ ಒಳಗೆ ಬಂದು, ಇಳಿಸಿ, ಇನ್ನೊಂದರಲ್ಲಿ ಆಚೆ ಹೋಗಬಹುದಿತ್ತು. ಎರಡು ಬಾಗಿಲುಗಳ ನಡುವಿನ ಗಟ್ಟಿ ನೆಲವೇ ಒಕ್ಕುವ ಜಾಗ. ಎರಡು ಕೋಲುಗಳನ್ನು ತೊಗಲಿನಿಂದ ಜೋಡಿಸಿದ ಬಡಿಗೆ ಬೀಸಿ ತೆನೆ ಬಡೀತಿದ್ದರು. ಆಮೇಲೆ ಎರಡೂ ಬಾಗಿಲು ತೆರೆದರೆ ಗಾಳಿ ಅಡ್ಡಲಾಗಿ ಬೀಸುತ್ತೆ. ಆ ಗಾಳಿಗೆ ತೂರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತೆ.

ಇದನ್ನ ಗೆಳೆಯನಿಗೆ ವಿವರಿಸ್ತಿದ್ದಾಗ ಅವನು ನಡುವೆಯೇ ತಡೆದ: "ಅಷ್ಟೆಲ್ಲ ಯಾಕ್ ಹೇಳ್ತಿಯಾ ಮಗಾ, ಇದು ನಮ್ಮ ಕಣಾನೇ ಅಲ್ವಾ? ಮಳೆ ಜಾಸ್ತಿ ಅಂತ ಸೂರು ಹಾಕವ್ರೆ, ಅಷ್ಟೇ."

ಅಷ್ಟೇ. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಗೊತ್ತಿಲ್ಲ. ಕಣ ಅಂದಮೇಲೆ ಮುಂದಿನ ಪ್ರಶ್ನೆ ನಮ್ಮೂರಲ್ಲೂ ಅಲ್ಲೂ ಒಂದೇ: ರಾಶಿಯಲ್ಲಿ ಯಾರಿಗೆ ಎಷ್ಟು?

ಹತ್ತರಲ್ಲಿ ಒಂದು

ಮಧ್ಯಯುಗದ ಇಂಗ್ಲೆಂಡಿನಲ್ಲಿ ರೈತ ಬೆಳೆದ ಬೆಳೆಯ ಹತ್ತನೇ ಒಂದು ಭಾಗ ಚರ್ಚ್‌ಗೆ ಸೇರಬೇಕಿತ್ತು. ಇದಕ್ಕೆ 'ಟೈಥ್' ಅಂತಾರೆ. ಹಾಗೆ ಬಂದ ಪೈರನ್ನು ಇಡೋಕೆ ಕಟ್ಟಿದ್ದು ಟೈಥ್ ಬಾರ್ನ್. ಈಗ ದೊಡ್ಡ ಬಾರ್ನ್ ಕಂಡರೆ ಸಾಕು, ಟೈಥ್ ಬಾರ್ನ್ ಅಂದುಬಿಡ್ತಾರೆ. ನಿಜವಾಗಿ ಅವುಗಳಲ್ಲಿ ಬಹಳಷ್ಟು ಮಠಗಳ, ಜಮೀನ್ದಾರರ ಸ್ವಂತ ಹೊಲದ ಬಾರ್ನ್‌ಗಳು. ಎರಡರಲ್ಲೂ ಬೆವರು ಮಾತ್ರ ಬೇರೆಯವರದ್ದು.

ಇದೇ ಎಸೆಕ್ಸ್‌ನಲ್ಲಿ ಕ್ರೆಸಿಂಗ್ ಟೆಂಪಲ್ ಅನ್ನೋ ಜಾಗ ಇದೆ. ಅಲ್ಲಿರುವ ಬಾರ್ಲಿ ಬಾರ್ನ್ ಮತ್ತು ಗೋಧಿ ಬಾರ್ನ್ ಎರಡೂ 13ನೇ ಶತಮಾನದವು, ಇವತ್ತಿಗೂ ನಿಂತಿವೆ. ಈ ಜಮೀನು 1137ರಲ್ಲಿ ನೈಟ್ಸ್ ಟೆಂಪ್ಲರ್ ಅನ್ನುವ ಧಾರ್ಮಿಕ ಸೈನಿಕರ ಪಂಥಕ್ಕೆ ರಾಣಿ ಕೊಟ್ಟ ದಾನ. ಕ್ರುಸೇಡ್ ಯುದ್ಧಗಳ ಖರ್ಚಿಗೆ ಇಂಥ ಎಸ್ಟೇಟುಗಳಿಂದ ಆದಾಯ ಹೋಗ್ತಿತ್ತು. ಟೆಂಪ್ಲರ್ ಪಂಥ 1312ರಲ್ಲಿ ರದ್ದಾದ ಮೇಲೆ ಅದು ಹಾಸ್ಪಿಟಲರ್ ಪಂಥದ ಪಾಲಾಯಿತು.

1381ರಲ್ಲಿ ತಲೆಗಂದಾಯದ ವಿರುದ್ಧ ಇಂಗ್ಲೆಂಡಿನ ರೈತರು ದಂಗೆ ಎದ್ದರು. ದಂಗೆ ಶುರುವಾಗಿದ್ದೇ ಎಸೆಕ್ಸ್‌ನಲ್ಲಿ. ಆ ಜೂನ್‌ನಲ್ಲಿ ದಂಗೆಕೋರರು ಕ್ರೆಸಿಂಗ್ ಟೆಂಪಲ್ ಮೇಲೆ ನುಗ್ಗಿ ಲೂಟಿ ಮಾಡಿದರು. ಅದೇ ಜಾಗ ಯಾಕೆ? ಆಗ ಹಾಸ್ಪಿಟಲರ್‌ಗಳ ಮುಖ್ಯಸ್ಥನಾಗಿದ್ದ ರಾಬರ್ಟ್ ಹೇಲ್ಸ್ ರಾಜನ ಖಜಾಂಚಿಯೂ ಆಗಿದ್ದ. ತೆರಿಗೆ ಯಾರ ಕೈಗೆ ಹೋಗುತ್ತೆ ಅಂತ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಕೆಲವೇ ದಿನಗಳಲ್ಲಿ ಲಂಡನ್ ಟವರ್ ಬಳಿ ಹೇಲ್ಸ್‌ನ ತಲೆ ಕಡಿದರು. ಬಾರ್ನ್ ಅಂದರೆ 'ಶಾಂತ ಗ್ರಾಮೀಣ ಬದುಕಿನ ಸಂಕೇತ' ಅನ್ನೋರಿಗೆ ಈ ಕಥೆ ಹೇಳಬೇಕು.

ಟೈಥ್ ಅನ್ನು ಕಾಳಿನ ಬದಲು ದುಡ್ಡಿನ ರೂಪಕ್ಕೆ ತಂದಿದ್ದು 1836ರ ಕಾನೂನು. ಅಲ್ಲಿಯವರೆಗೂ ಹಲವು ಕಡೆ ಕಾಳೇ ಹೋಗ್ತಿತ್ತು.

ಬಡಿಗೆ ಹೋಗಿ ಯಂತ್ರ ಬಂತು

ಒಕ್ಕೋದು ಬೆನ್ನು ಮುರಿಯೋ ಕೆಲಸ. ಆದರೆ ಹೊಲದಲ್ಲಿ ಏನೂ ಇಲ್ಲದ ಚಳಿಗಾಲದಲ್ಲಿ ಕೂಲಿಯವರ ಹೊಟ್ಟೆ ತುಂಬಿಸ್ತಿದ್ದದ್ದು ಅದೇ. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕುವ ಯಂತ್ರ ಮಾಡಿದ. ಮುಂದಿನ ದಶಕಗಳಲ್ಲಿ ಅದು ದಕ್ಷಿಣಕ್ಕೂ ಹಬ್ಬಿತು. 1815ರಲ್ಲಿ ನೆಪೋಲಿಯನ್ ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದರು. ಇದ್ದ ಕೆಲಸಕ್ಕೆ ಕೈಗಳು ಜಾಸ್ತಿಯಾದವು. ಇನ್ನೊಂದು ಕಡೆ, ಊರಿನ ಗೋಮಾಳದಂಥ ಸಾಮೂಹಿಕ ಭೂಮಿಗೆ ಬೇಲಿ ಹಾಕಿ ಖಾಸಗಿ ಮಾಡುವ ಎನ್‌ಕ್ಲೋಷರ್ ಮಸೂದೆಗಳು ಪಾರ್ಲಿಮೆಂಟಿನಲ್ಲಿ ಪಾಸಾಗ್ತಾನೇ ಇದ್ದವು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಮಸೂದೆಗಳು, ಸುಮಾರು 68 ಲಕ್ಷ ಎಕರೆ. ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು.

1830ರ ಆಗಸ್ಟ್‌ನಲ್ಲಿ ಕೆಂಟ್ ಕೌಂಟಿಯ ಕೂಲಿಗಳು ಒಂದು ಒಕ್ಕುವ ಯಂತ್ರ ಒಡೆದು ಹಾಕಿದರು. 'ಕ್ಯಾಪ್ಟನ್ ಸ್ವಿಂಗ್' ಅನ್ನೋ ಕಾಲ್ಪನಿಕ ಹೆಸರಿನಲ್ಲಿ ಜಮೀನ್ದಾರರಿಗೆ ಬೆದರಿಕೆ ಪತ್ರಗಳು ಹೋದವು. ದಂಗೆ ಎಸೆಕ್ಸ್ ಸೇರಿ ಹತ್ತಾರು ಕೌಂಟಿಗಳಿಗೆ ಹಬ್ಬಿತು. ಯಂತ್ರ ತೆಗೀರಿ, ಕೂಲಿ ಜಾಸ್ತಿ ಮಾಡಿ ಅನ್ನೋದು ಬೇಡಿಕೆ. ಹಲವು ಕಡೆ ಪಾದ್ರಿಗಳ ಮನೆ ಮುಂದೆ ನಿಂತು ಟೈಥ್ ಇಳಿಸಿ, ಆಗಲಾದರೂ ರೈತ ನಮಗೆ ಕೂಲಿ ಕೊಡ್ತಾನೆ ಅಂತಲೂ ಕೇಳಿದರು. ಸರ್ಕಾರದ ಉತ್ತರ: 19 ಜನಕ್ಕೆ ಗಲ್ಲು, ಸುಮಾರು 480 ಜನರಿಗೆ ಹಡಗಿನಲ್ಲಿ ಆಸ್ಟ್ರೇಲಿಯಾ ಕಡೆಗೆ ಗಡೀಪಾರು, ನೂರಾರು ಜನಕ್ಕೆ ಜೈಲು. ನಾಲ್ಕು ವರ್ಷದ ನಂತರ, 1834ರಲ್ಲಿ, ಟಾಲ್‌ಪಡಲ್ ಅನ್ನೋ ಹಳ್ಳಿಯ ಆರು ಕೂಲಿಗಳು ಸಂಘ ಕಟ್ಟಿದ್ದಕ್ಕೆ ಅವರಿಗೂ ಏಳು ವರ್ಷ ಗಡೀಪಾರು ಶಿಕ್ಷೆ ಆಯಿತು. ಜನ ಬೀದಿಗಿಳಿದ ಮೇಲೆ 1836ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು.

ಈ ಜಗಳ ನಡೆದದ್ದು ಬಾರ್ನ್‌ನ ನಡುಮಧ್ಯದ ಆ ನೆಲದ ಸುತ್ತ. ಅಂಥದ್ದೇ ನೆಲದ ಮೇಲೆ ಈಗ ನಾವು ಚಿಪ್ಸ್ ತಿನ್ನುತ್ತಾ ಕೂತಿದ್ದೆವು.

ಕಾನೂನು ಏನನ್ನು ಕಾಪಾಡುತ್ತೆ?

ಎರಡನೇ ಮಹಾಯುದ್ಧದ ನಂತರ ಕೊಯ್ಲು, ಒಕ್ಕಣೆ ಎರಡನ್ನೂ ಹೊಲದಲ್ಲೇ ಮುಗಿಸೋ ಕಂಬೈನ್ ಹಾರ್ವೆಸ್ಟರ್ ಎಲ್ಲೆಡೆ ಬಂತು. ಬಾರ್ನ್‌ಗೆ ಕೆಲಸವೇ ಇಲ್ಲದಂತಾಯಿತು. ಬಹಳಷ್ಟು ಬಿದ್ದುಹೋದವು. ಉಳಿದವು ಉಳಿದಿದ್ದಕ್ಕೆ ಒಂದು ಮುಖ್ಯ ಕಾರಣ 1947ರ ಯೋಜನಾ ಕಾನೂನಿನಿಂದ ಗಟ್ಟಿಯಾದ 'ಲಿಸ್ಟಿಂಗ್' ಪದ್ಧತಿ. 1700ಕ್ಕಿಂತ ಮುಂಚಿನ, ಮೂಲ ರೂಪ ಉಳಿಸಿಕೊಂಡ ಕಟ್ಟಡಗಳು ಹೆಚ್ಚುಕಮ್ಮಿ ಎಲ್ಲವೂ ಲಿಸ್ಟ್‌ಗೆ ಸೇರುತ್ತವೆ. ಒಪ್ಪಿಗೆ ಇಲ್ಲದೆ ಅಂಥ ಕಟ್ಟಡದ ಸ್ವರೂಪ ಬದಲಿಸಿದರೆ ಅದು ಕ್ರಿಮಿನಲ್ ಅಪರಾಧ. ಮುಖ್ಯವಾಗಿ, ಈ ಲಿಸ್ಟ್‌ನಲ್ಲಿ ಅರಮನೆ, ಚರ್ಚ್ ಅಷ್ಟೇ ಅಲ್ಲ, ಕೂಲಿಯವರ ಮನೆ, ಬಾರ್ನ್, ಪಬ್, ರಸ್ತೆ ಬದಿಯ ಕೆಂಪು ಟೆಲಿಫೋನ್ ಡಬ್ಬಿಯೂ ಇವೆ. ಇದನ್ನ ನಾವು ಮೆಚ್ಚಲೇಬೇಕು.

ಬಾರ್ನ್‌ಗೆ ಪಬ್ ಆಗೋದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಮನೆ ಮಾಡಿದರೆ ಬೆಡ್‌ರೂಮ್, ಬಾತ್‌ರೂಮ್ ಅಂತ ಗೋಡೆ ಎಬ್ಬಿಸಬೇಕು, ಮಾಡಿಗೆ ಕಿಟಕಿ ಕೊರೀಬೇಕು. ಆ ದೊಡ್ಡ ಬಯಲಿನಂಥ ಒಳಾಂಗಣ ಅಲ್ಲಿಗೆ ಮುಗಿಯಿತು. ಪಬ್‌ಗೆ ಬೇಕಾಗಿರೋದೇ ದೊಡ್ಡ ಹಾಲ್. ಹಾಗಾಗಿ ಕಟ್ಟಡ ಕಟ್ಟಡವಾಗಿ ಉಳಿಯುತ್ತೆ, ಜನಸಾಮಾನ್ಯರೂ ಒಳಗೆ ಹೋಗಬಹುದು.

ಆದರೆ ಲಿಸ್ಟಿಂಗ್ ಕಾಪಾಡೋದು ಮರ, ಇಟ್ಟಿಗೆ, ಹೆಂಚು. ಬಳಕೆಯನ್ನಲ್ಲ, ಬಳಸಿದವರನ್ನಂತೂ ಅಲ್ಲವೇ ಅಲ್ಲ. ಈ ಕೊರತೆ ಇಂಗ್ಲೆಂಡಿನವರಿಗೂ ಗೊತ್ತಾಗಿದ್ದು ಊರಿನ ಪಬ್‌ಗಳು ಒಂದೊಂದಾಗಿ ಮುಚ್ಚತೊಡಗಿದಾಗ. 2011ರ ಲೋಕಲಿಸಂ ಕಾಯ್ದೆ ಒಂದು ದಾರಿ ಮಾಡಿಕೊಟ್ಟಿತು: ಒಂದು ಪಬ್ ಊರಿಗೆ ಮುಖ್ಯ ಅನ್ನಿಸಿದರೆ ಅದನ್ನ 'ಸಮುದಾಯದ ಆಸ್ತಿ' ಅಂತ ನೋಂದಾಯಿಸಬಹುದು. ಮಾಲೀಕ ಮಾರೋಕೆ ಹೊರಟರೆ, ದುಡ್ಡು ಹೊಂದಿಸಿ ಕೊಳ್ಳೋಕೆ ಊರಿನವರಿಗೆ ಆರು ತಿಂಗಳವರೆಗೆ ಅವಕಾಶ ಇರುತ್ತೆ. ಊರಿನವರಿಗೇ ಮಾರಬೇಕು ಅನ್ನೋ ಕಡ್ಡಾಯ ಇಲ್ಲ, ನಿಜ. ಆದರೂ ಕಟ್ಟಡ ಮಾತ್ರವಲ್ಲ, ಅದರೊಳಗಿನ ಬದುಕೂ ಪರಂಪರೆಯೇ ಅಂತ ಕಾನೂನು ಒಪ್ಪಿಕೊಂಡ ಹಾಗಾಯಿತು.

ಇವತ್ತಿನ ದುಡಿಮೆ

ನಮಗೆ ಊಟ ತಂದುಕೊಟ್ಟ ಹುಡುಗಿಗೆ ಹತ್ತೊಂಬತ್ತು ವರ್ಷ. ಅವಳ ಜೊತೆ ಅದೇ ಟೇಬಲ್‌ಗಳನ್ನು ನೋಡಿಕೊಳ್ತಿದ್ದ ಹುಡುಗನಿಗೆ ಇಪ್ಪತ್ತೆರಡು. ಬ್ರಿಟನ್ನಿನ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ 21 ದಾಟಿದವರಿಗೆ ಗಂಟೆಗೆ 12.21 ಪೌಂಡ್, 18ರಿಂದ 20ರವರಿಗೆ 10 ಪೌಂಡ್ ಇತ್ತು. ಕೆಲಸ ಅದೇ, ಹೊರೋ ತಟ್ಟೆ ಅಷ್ಟೇ, ಗಂಟೆಗೆ ಎರಡು ಪೌಂಡಿಗೂ ಜಾಸ್ತಿ ವ್ಯತ್ಯಾಸ. ಇದು ಕಾನೂನುಬದ್ಧ. ಗಿರಾಕಿ ಕೊಟ್ಟ ಟಿಪ್ಸ್ ಪೂರ್ತಿ ಕೆಲಸದವರಿಗೇ ಸೇರಬೇಕು ಅನ್ನೋ ಕಾನೂನು ಜಾರಿಗೆ ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಇಂಥ ಅಡುಗೆಮನೆಗಳಲ್ಲಿ ನಮ್ಮ ಕಡೆಯ ಸ್ಟೂಡೆಂಟ್‌ಗಳೂ ಇದ್ದಾರೆ. ವೀಸಾ ನಿಯಮದಂತೆ ಕ್ಲಾಸ್ ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ.

ಹೊಲದ ಕಡೆ ನೋಡಿದರೆ? ಕೃಷಿ ಕೂಲಿಯವರ ಸಂಬಳ ನಿಗದಿ ಮಾಡ್ತಿದ್ದ ಮಂಡಳಿಯನ್ನ ಇಂಗ್ಲೆಂಡಿನಲ್ಲಿ 2013ರಲ್ಲಿ ಮುಚ್ಚಿದರು. ಹಣ್ಣು, ತರಕಾರಿ ಕೀಳೋಕೆ ಈಗ ಕಿರ್ಗಿಸ್ತಾನ, ತಜಿಕಿಸ್ತಾನದಂಥ ದೇಶಗಳಿಂದ ಆರು ತಿಂಗಳ ವೀಸಾದ ಮೇಲೆ ಜನ ಬರ್ತಾರೆ. ಬಾರ್ನ್‌ನ ತೊಲೆಗೆ ಇರುವಷ್ಟು ರಕ್ಷಣೆ ಅವರ ಕೆಲಸಕ್ಕೆ ಇಲ್ಲ.

ನಮ್ಮ ಬಂಗಲೆ, ನಮ್ಮ ಲೈನ್ ಮನೆ

ಇಂಗ್ಲೆಂಡನ್ನ ಬೈದು ನಾವು ಕೈತೊಳೆದುಕೊಳ್ಳೋ ಹಾಗಿಲ್ಲ. ನಮ್ಮ ಕಣದಲ್ಲೂ ರಾಶಿ ಮಾಡಿದ ಮೇಲೆ ಒಡೆಯನ ಗೇಣಿ ಮೊದಲು ಹೋಗ್ತಿತ್ತು. ಬಡಗಿ, ಕಮ್ಮಾರ, ಅಗಸ, ತಳವಾರರಿಗೆ ಆಯ ಅಂತ ಅಳೆದು ಕೊಡ್ತಿದ್ದರು. ಯಾರಿಗೆ ಎಷ್ಟು, ಯಾರು ಎಲ್ಲಿ ನಿಂತು ಈಸ್ಕೋಬೇಕು ಅನ್ನೋದನ್ನ ಜಾತಿಯೇ ತೀರ್ಮಾನ ಮಾಡ್ತಿತ್ತು. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನ ಕಾನೂನಿನಿಂದ ತೆಗೆದುಹಾಕಿತು. ಕಣವೂ ಹೋಯಿತು. ಈಗ ಹುರುಳಿ, ರಾಗಿ ಒಕ್ಕೋಕೆ ಟಾರ್ ರೋಡೇ ಕಣ, ಬಸ್ಸು ಲಾರಿಗಳೇ ಎತ್ತು. ಅಲ್ಲಿ ದುಡಿದವರ ನೆನಪನ್ನು ಯಾವ ಸ್ಮಾರಕದ ಪಟ್ಟಿಯಲ್ಲಿ ಹುಡುಕೋದು?

ಬಾರ್ನ್ ಪಬ್‌ಗೆ ನಮ್ಮಲ್ಲಿ ಹತ್ತಿರದ ನೆಂಟ ಬೇಕಾದರೆ ಕೊಡಗು, ಚಿಕ್ಕಮಗಳೂರಿಗೆ ಹೋಗಿ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದ ಬಂಗಲೆಗಳು ಈಗ 'ಹೆರಿಟೇಜ್' ಹೋಮ್‌ಸ್ಟೇ. ವರಾಂಡ, ಬೆತ್ತದ ಕುರ್ಚಿ, ಬೆಂಕಿಗೂಡು, ಗೋಡೆ ಮೇಲೆ ಹಳೇ ಫೋಟೊ. ಆದರೆ ಆ ಕಾಫಿ ಕಿತ್ತವರು ಇದ್ದದ್ದು, ಇನ್ನೂ ಎಷ್ಟೋ ಜನ ಇರೋದು, ಲೈನ್ ಮನೆಗಳಲ್ಲಿ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳು ಗುಡಿಸಲು ಹಾಕಿಕೊಂಡಿದ್ದು ಈ ಲೈನ್ ಮನೆ ಬದುಕಿನಿಂದ ಹೊರಬರೋಕೆ, ಸ್ವಂತ ನೆಲ ಬೇಕು ಅಂತ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ನೂರಾರು ಗುಡಿಸಲುಗಳನ್ನ ಕೆಡವಿ ಹಾಕಿದರು. ಬಂಗಲೆ ಹೆರಿಟೇಜ್ ಆಯಿತು, ಗುಡಿಸಲು ಒತ್ತುವರಿ ಆಯಿತು.

ಹಳೇ ಕಟ್ಟಡಗಳನ್ನ ಉಳಿಸೋದು ಬೇಡ ಅಂತ ಯಾರೂ ಹೇಳ್ತಿಲ್ಲ. ಉಳಿಸಲಿ, ಪಬ್ ಮಾಡಲಿ, ಹೋಮ್‌ಸ್ಟೇ ಮಾಡಲಿ. ನೀವೂ ಹೋಗಿ. ಆದರೆ ಹೋದಾಗ ಮೂರು ಪ್ರಶ್ನೆ ಕೇಳಿ. ಇಲ್ಲಿಗೆ ಬಂದದ್ದು ಯಾರ ಬೆಳೆ? ಅವರಿಗೆ ಸಿಕ್ಕ ಪಾಲೆಷ್ಟು? ಈಗ ಇಲ್ಲಿ ತಟ್ಟೆ ತೊಳೆಯೋರಿಗೆ ಸಂಬಳ ಎಷ್ಟು? ಉತ್ತರ ಬೋರ್ಡ್ ಮೇಲೆ ಇರಲ್ಲ. ಕೇಳೋರು ಜಾಸ್ತಿ ಆದರೆ ಒಂದು ದಿನ ಬರೀಲೇಬೇಕಾಗುತ್ತೆ.