ಜೀವಕೋಶದ ಲಿಪಿಕಾರರು

ಜೀವಕೋಶವೊಂದು ಎರಡಾಗುವುದಕ್ಕೆ ಮುನ್ನ ತನ್ನಲ್ಲಿರುವ ಡಿ.ಎನ್.ಎ. ಎಂಬ ಆನುವಂಶಿಕ ಗ್ರಂಥವನ್ನು ಆದ್ಯಂತವಾಗಿ ಪ್ರತಿಮಾಡಿಕೊಳ್ಳತಕ್ಕುದಷ್ಟೆ. ಮನುಷ್ಯನಲ್ಲಿ ಸುಮಾರು ೨ ಮೀಟರು ಉದ್ದದ ಈ ನೂಲಿನಲ್ಲಿ ೬೦೦ ಕೋಟಿಗೂ ಮಿಕ್ಕ ಅಕ್ಷರಜೋಡಿಗಳಿವೆ. ಒಂದೇ ತುದಿಯಿಂದ ಬರೆಯುತ್ತ ಹೋದಲ್ಲಿ ದೊಡ್ಡ ವರ್ಣತಂತುವೊಂದಕ್ಕೇ ತಿಂಗಳುಗಳು ಹಿಡಿದಾವು. ಕೋಶವಾದರೋ ೮ ಗಂಟೆಗಳ ಆಸುಪಾಸಿನಲ್ಲಿ ಕಾರ್ಯವನ್ನು ಮುಗಿಸುತ್ತದೆ. ಸಹಸ್ರಾರು ಸ್ಥಳಗಳಲ್ಲಿ ಲಿಪಿಕಾರರು ಕುಳಿತು ಬರೆಯುವುದೇ ಇದರ ಗುಟ್ಟು. ಅವರನ್ನು ಕೂರಿಸುವವರಾರು?

ಆರಂಭಸ್ಥಾನವು ಗ್ರಂಥದ ಅಕ್ಷರಗಳಲ್ಲಿಯೇ ಬರೆದಿರುವುದೆಂದು ೧೯೬೩ರಲ್ಲಿ ಝಾಕೋಬ್, ಬ್ರೆನ್ನರ್ ಮೊದಲಾದವರು ಊಹಿಸಿದರು. ಬ್ಯಾಕ್ಟೀರಿಯಾಗಳಲ್ಲಿ ಅದು ದಿಟವಾಯಿತು. ರೊಟ್ಟಿಯ ಯೀಸ್ಟಿನಲ್ಲಿಯೂ ಅಂಥ ಅಕ್ಷರಮಾಲೆಯುಂಟು. ಅದನ್ನು ಹಿಡಿಯುವ ‘ಓ.ಆರ್.ಸಿ.’ ಎಂಬ ಪ್ರೋಟೀನುಗಳ ಕೂಟವನ್ನು ಬೆಲ್ ಮತ್ತು ಸ್ಟಿಲ್‌ಮನ್ನರು ೧೯೯೨ರಲ್ಲಿ ಕಂಡುಹಿಡಿದರು. ಮನುಷ್ಯನಲ್ಲಿ ಮಾತ್ರ ಅಂಥ ಸಮಾನವಾಕ್ಯವು ದೊರೆಯಲೇ ಇಲ್ಲ.

ಅಕ್ಷರದಲ್ಲಿ ಕಾಣದ ಸೂಚನೆಯನ್ನು ವಿದ್ವಾಂಸರು ಹೊದಿಕೆಯಲ್ಲಿ ಅರಸಿದರು. ಡಿ.ಎನ್.ಎ. ನೂಲು ಹಿಸ್ಟೋನುಗಳೆಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಸುತ್ತಿನ ರೂಪವೇ ಕ್ರೊಮಾಟಿನ್. (ಇದಕ್ಕೆ ಸಂಸ್ಕೃತದಿಂದ ಪದವೊಂದನ್ನು ಕಡೆದಿರಿಸಬಹುದಾಗಿತ್ತು; ಒಕ್ಕಲಿಗನಿಗೂ ಪಂಡಿತನಿಗೂ ಸಮಾನವಾಗಿ ಅಪರಿಚಿತವಾದ ಪದದಿಂದ ಭಾಷಾಸೇವೆಯಾಗದೆಂದು ಬಿಟ್ಟಿದ್ದೇವೆ.) ಹಿಸ್ಟೋನುಗಳ ಬಾಲದಲ್ಲಿ ಕೋಶವು ರಾಸಾಯನಿಕ ಗುರುತುಗಳನ್ನಿಡುತ್ತದೆ. ಎಚ್೪ ಹಿಸ್ಟೋನಿನ ೨೦ನೆಯ ಸ್ಥಾನದಲ್ಲಿ ಎರಡು ಮೀಥೈಲುಗಳು ಕೂಡಿದ ಗುರುತನ್ನು ಓ.ಆರ್.ಸಿ.ಯ ಮೊದಲನೆಯ ಅಂಗವು ಗುರುತಿಸಿ ಹಿಡಿಯುವುದೆಂದು ೨೦೧೨ರಲ್ಲಿ ತಿಳಿದುಬಂದಿತು.

ಇಷ್ಟರಿಂದಲೇ ಸಮಸ್ಯೆಯು ಬಗೆಹರಿಯಿತೆನ್ನುವವರೊಡನೆ ನಾವು ಸಮ್ಮತಿಸಲಾರೆವು. ಆ ಗುರುತು ಬಹುಪಾಲು ಎಚ್೪ ಹಿಸ್ಟೋನುಗಳಲ್ಲಿ ಇದ್ದೇ ಇರುವುದು. ಊರಿನ ಮನೆಮನೆಗೂ ತೋರಣ ಕಟ್ಟಿದ ಮೇಲೆ ಮದುವೆಯ ಮನೆ ಯಾವುದು? ಎಚ್೨ಎ.ಝಡ್ ಎಂಬ ಬೇರೊಂದು ಹಿಸ್ಟೋನು ಆ ಗುರುತನ್ನಿಡುವ ಕಿಣ್ವವನ್ನು ತನ್ನೆಡೆಗೆ ಕರೆದುಕೊಳ್ಳುವುದೆಂದು ೨೦೨೦ರಲ್ಲಿ ಪ್ರಕಟವಾದ ಶೋಧವು ಇದಕ್ಕೆ ಭಾಗಶಃ ಉತ್ತರ. ಸಡಿಲವಾದ ಕ್ರೊಮಾಟಿನ್ ಮೊದಲು ಪ್ರತಿಯಾಗುವುದೂ, ಬಿಗಿದದ್ದು ಕಡೆಗೆ ಪ್ರತಿಯಾಗುವುದೂ ಬಹುಕಾಲದಿಂದ ವಿದಿತವಾದ ಸಂಗತಿ.

ಇದು ಕೇವಲ ಪಂಡಿತರ ವಿನೋದವಲ್ಲ. ಮೈಯರ್–ಗೋರ್ಲಿನ್ ಎಂಬ ವಿರಳವ್ಯಾಧಿಯ ಮಕ್ಕಳು ಗಿಡ್ಡಾಗಿ, ಪುಟ್ಟ ಕಿವಿಗಳುಳ್ಳವರಾಗಿ, ಹಲವೊಮ್ಮೆ ಮಂಡಿಚಿಪ್ಪುಗಳೇ ಇಲ್ಲದೆ ಬೆಳೆಯುತ್ತಾರೆ. ಅವರಲ್ಲಿ ಕೆಲವರಿಗೆ ಓ.ಆರ್.ಸಿ.ಯ ಮೊದಲನೆಯ ಅಂಗದಲ್ಲಿ ದೋಷವಿರುವುದೆಂದು ೨೦೧೧ರಲ್ಲಿ ಗೊತ್ತಾಯಿತು; ಅವುಗಳಲ್ಲಿ ಕೆಲವು ಗುರುತನ್ನೋದುವ ಭಾಗದಲ್ಲಿಯೇ ಇವೆ. ಜೀಬ್ರಾಮೀನಿನಲ್ಲಿ ಈ ಅಂಗವನ್ನು ಕುಗ್ಗಿಸಿದಾಗ ಮೀನು ಕುಬ್ಜವಾಯಿತು. ಸಹಜವಾದ ಅಂಗವನ್ನು ಒದಗಿಸಲಾಗಿ ಬೆಳವಣಿಗೆಯು ಸುಧಾರಿಸಿತು. ಗುರುತನ್ನು ಓದಲಾರದ ಅಂಗವನ್ನು ಕೊಟ್ಟಾಗ ಸುಧಾರಿಸಲಿಲ್ಲ.