ಕಿಲೋಮೀಟರಿಗೆ ಸಿಗದ ಸವೆತ: ಪಿಕಪ್ ವಾಹನದ ಎಂಜಿನ್ ನಿರ್ವಹಣೆ

ಸರಕು ಸಾಗಿಸುವ ಪಿಕಪ್ ವಾಹನದ ಎಂಜಿನ್ನಿಗೆ ಯಾವಾಗ ಸರ್ವಿಸ್ ಮಾಡಿಸಬೇಕೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಕಿಲೋಮೀಟರುಗಳ ಲೆಕ್ಕದಲ್ಲಿರುತ್ತದೆ. ವಾಹನದ ಜೊತೆ ಬರುವ ಕೈಪಿಡಿಯಲ್ಲಿಯೂ ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ತಿಂಗಳು, ಎರಡರಲ್ಲಿ ಯಾವುದು ಮೊದಲೋ ಅದು, ಎಂದೇ ಅಚ್ಚಾಗಿರುತ್ತದೆ. ಆದರೆ ಎಂಜಿನ್ನಿನ ಸವೆತವನ್ನು ನಿರ್ಧರಿಸುವುದು ಅದು ತಿರುಗಿದ ಹೊತ್ತು, ಎಳೆದ ಭಾರ, ಸೇದಿದ ಧೂಳು ಮತ್ತು ತಾಳಿಕೊಂಡ ಕಾವು. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಓಡಾಡುವ ವಾಹನವು 10,000 ಕಿ.ಮೀ. ಪೂರೈಸುವ ಹೊತ್ತಿಗೆ ಅದರ ಎಂಜಿನ್ 250 ಗಂಟೆ ದುಡಿದಿರುತ್ತದೆ. ಅದೇ ವಾಹನ ಬೆಂಗಳೂರಿನ ಕಲಾಸಿಪಾಳ್ಯದಂತಹ ಸಂದಣಿಯಲ್ಲಿ ತೆವಳುತ್ತ ಸರಾಸರಿ 20 ಕಿ.ಮೀ. ವೇಗವನ್ನಷ್ಟೇ ಕಂಡಿದ್ದರೆ, ಅಷ್ಟೇ ದೂರಕ್ಕೆ 500 ಗಂಟೆ ದುಡಿದಿರುತ್ತದೆ. ಓಡೋಮೀಟರಿಗೆ ಈ ಎರಡರ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಕೈಪಿಡಿ ಬರೆಯುವವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಧೂಳಿನ ರಸ್ತೆ, ನಿರಂತರ ಪೂರ್ಣಭಾರ, ದೀರ್ಘ ಐಡ್ಲಿಂಗ್ (ಗಾಡಿ ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುವುದು), ಘಟ್ಟದ ಏರು ಮತ್ತು ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿದುಹೋಗುವ ಕಿರುಪ್ರಯಾಣ, ಇವನ್ನು 'ಕಠಿಣ ಬಳಕೆ' ಎಂದು ಕರೆದು, ಅಂತಹ ವಾಹನಗಳಿಗೆ ಸರ್ವಿಸಿನ ಅವಧಿಯನ್ನು ಕಡಿಮೆ ಮಾಡಬೇಕೆಂದು ಬಹುತೇಕ ತಯಾರಕರು ಸೂಚಿಸುತ್ತಾರೆ. ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ, ಮಲ್ಪೆಯ ಬಂದರಿನಿಂದ ಮಂಜುಗಡ್ಡೆಯ ಸಮೇತ ಮೀನು ಹೇರಿಕೊಂಡು ಘಟ್ಟ ಹತ್ತುವ, ಸಂಡೂರಿನ ಕೆಂಪು ಧೂಳಿನಲ್ಲಿ ಸುತ್ತುವ ವಾಹನಗಳ ನಿತ್ಯದ ಬದುಕೇ ಈ ಪಟ್ಟಿಯಾಗಿರುವುದರಿಂದ, ಕರ್ನಾಟಕದ ಬಹಳಷ್ಟು ಪಿಕಪ್‌ಗಳ ಮಟ್ಟಿಗೆ ಕಠಿಣ ಬಳಕೆಯೇ ಸಾಮಾನ್ಯ ಬಳಕೆ ಎನ್ನಬೇಕಾಗುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಎರಡು ಸಿಲಿಂಡರುಗಳ 702 ಸಿಸಿ ಡೀಸೆಲ್ ಎಂಜಿನ್ ಆಗಲಿ, ಬೊಲೆರೊ ಪಿಕಪ್‌ನ ನಾಲ್ಕು ಸಿಲಿಂಡರುಗಳ ಎರಡೂವರೆ ಲೀಟರ್ ಎಂಜಿನ್ ಆಗಲಿ, ಗಾತ್ರದಲ್ಲಿ ಎಷ್ಟೇ ಭಿನ್ನವಾಗಿದ್ದರೂ ಈ ವಿಷಯದಲ್ಲಿ ಒಂದೇ ನಿಯಮಕ್ಕೆ ಒಳಪಟ್ಟಿವೆ.

ನಿರ್ವಹಣೆಯ ಮಾತು ಆಯಿಲ್‌ನಿಂದಲೇ ಆರಂಭವಾಗಬೇಕು, ಏಕೆಂದರೆ ಎಂಜಿನ್ನಿನಲ್ಲಿ ಅದು ಮಾಡುವಷ್ಟು ಬಗೆಯ ಕೆಲಸವನ್ನು ಇನ್ನಾವ ವಸ್ತುವೂ ಮಾಡುವುದಿಲ್ಲ. ಲೋಹ ಲೋಹಕ್ಕೆ ತಾಗದಂತೆ ನಡುವೆ ತೆಳುಪೊರೆಯಾಗಿ ನಿಲ್ಲುವುದರ ಜೊತೆಗೆ, ಅದು ಪಿಸ್ಟನ್ನಿನ ತಳದ ಕಾವನ್ನು ಹೊತ್ತೊಯ್ಯುತ್ತದೆ, ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ಗೋಡೆಯ ನಡುವಿನ ಸಂದನ್ನು ಮುಚ್ಚುತ್ತದೆ, ದಹನದಲ್ಲಿ ಹುಟ್ಟುವ ಆಮ್ಲಗಳನ್ನು ಶಮನಗೊಳಿಸುತ್ತದೆ ಮತ್ತು ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಗಟ್ಟದಂತೆ ತನ್ನೊಳಗೆ ಚದುರಿಸಿಟ್ಟುಕೊಳ್ಳುತ್ತದೆ. ಡಬ್ಬಿಯ ಮೇಲೆ ಕಾಣುವ 15ಡಬ್ಲ್ಯು-40 ಎಂಬ ಗುರುತು ಆಯಿಲ್‌ನ ಸ್ನಿಗ್ಧತೆಯನ್ನು, ಅಂದರೆ ಹರಿಯುವಾಗ ಅದು ತೋರುವ ಪ್ರತಿರೋಧವನ್ನು ಹೇಳುತ್ತದೆ: ಮೊದಲ ಅಂಕಿ ಚಳಿಯಲ್ಲಿನ ಹರಿವಿಗೆ, ಎರಡನೆಯದು ಎಂಜಿನ್ ಕಾದಾಗಿನ ದಪ್ಪಕ್ಕೆ ಸಂಬಂಧಿಸಿದ್ದು. ಸ್ನಿಗ್ಧತೆಯೊಂದೇ ಸಾಲದು, ಸಿಐ-4, ಸಿಕೆ-4 ಎಂಬಂತಹ ಗುಣಮಟ್ಟದ ದರ್ಜೆಯೂ ಎಂಜಿನ್ನಿಗೆ ಒಪ್ಪುವಂತಿರಬೇಕು, ಮತ್ತು ಅಂಗಡಿಯವರ ಶಿಫಾರಸಿಗಿಂತ ಕೈಪಿಡಿಯ ಸಾಲೇ ಇಲ್ಲಿ ಪ್ರಮಾಣ.

ಆಯಿಲ್ ಕಪ್ಪಾಯಿತೆಂದರೆ ಕೆಟ್ಟಿತೆಂದೇ ಅರ್ಥ ಎಂಬ ನಂಬಿಕೆ ವ್ಯಾಪಕವಾಗಿದೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವ ತನ್ನ ಕೆಲಸವನ್ನು ಅದು ಮಾಡುತ್ತಿದೆಯೆಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಬಣ್ಣ ನಿಜವಾಗಿ ಎಚ್ಚರಿಸುವುದು ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡಾಗ, ಏಕೆಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರಿ ನೀರು ಒಳಸೇರಿರುವ ಸಂಭವ ಆಗ ಹೆಚ್ಚು. ಡಿಪ್‌ಸ್ಟಿಕ್ಕಿನಲ್ಲಿ, ಅಂದರೆ ಆಯಿಲ್‌ನ ಮಟ್ಟ ನೋಡುವ ಅಳತೆಕಡ್ಡಿಯಲ್ಲಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಾದ ಮೇಲೆ ನೋಡಿದರೆ, ಮಟ್ಟವು ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ಮೀರಿ ತುಂಬುವುದು ಉದಾರತೆಯಂತೆ ಕಂಡರೂ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಆಯಿಲ್ ಬಡಿದು ನೊರೆಯೇಳುತ್ತದೆ, ನೊರೆಯಾದ ಆಯಿಲ್‌ಗೆ ಪೊರೆ ಕಟ್ಟುವ ಶಕ್ತಿ ಉಳಿಯುವುದಿಲ್ಲ.

ಟರ್ಬೊಚಾರ್ಜರ್ ಇರುವ ಎಂಜಿನ್ನುಗಳಲ್ಲಿ ಆಯಿಲ್‌ನ ಹೊಣೆ ಇನ್ನೂ ಹೆಚ್ಚುತ್ತದೆ. ಹೊರಹೋಗುವ ಬಿಸಿ ಹೊಗೆಯ ಬಲದಿಂದಲೇ ತಿರುಗಿ, ಸಿಲಿಂಡರಿಗೆ ಹೆಚ್ಚುವರಿ ಗಾಳಿಯನ್ನು ಒತ್ತಿ ತುಂಬುವ ಈ ಸಾಧನದ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಮತ್ತು ಅದನ್ನು ತೇಲಿಸಿಟ್ಟಿರುವುದು ಆಯಿಲ್‌ನ ಪೊರೆಯೊಂದೇ. ಚಾರ್ಮಾಡಿ ಅಥವಾ ಶಿರಾಡಿ ಘಟ್ಟವನ್ನು ಪೂರ್ಣಭಾರದಲ್ಲಿ ಹತ್ತಿ ಬಂದ ಚಾಲಕ ಚಹಾದ ಅಂಗಡಿಯ ಮುಂದೆ ಥಟ್ಟನೆ ಕೀ ತಿರುಗಿಸಿದರೆ, ಆಯಿಲ್‌ನ ಪೂರೈಕೆ ಆ ಕ್ಷಣಕ್ಕೆ ನಿಂತು, ಕೆಂಡದಂತಿರುವ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಕಾಗುತ್ತದೆ. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆರಿಸುವ ಹಳೆಯ ಚಾಲಕರ ರೂಢಿಗೆ ಆಧಾರ ಇದೇ.

ಆಯಿಲ್‌ನಷ್ಟೇ ಮುಖ್ಯವಾದರೂ ಅದರ ಅರ್ಧದಷ್ಟು ಗಮನವನ್ನೂ ಪಡೆಯದಿರುವುದು ಗಾಳಿ. ಎರಡೂವರೆ ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್, ಅಂದರೆ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರನ್ನು ಗಾಳಿಯಿಂದ ತುಂಬಿಸಿಕೊಳ್ಳುವ ಎಂಜಿನ್, ನಿಮಿಷಕ್ಕೆ 2000 ಸುತ್ತು ತಿರುಗುವಾಗ ಟರ್ಬೊದ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಪ್ರತಿ ನಿಮಿಷ ಸುಮಾರು 2500 ಲೀಟರ್ ಗಾಳಿಯನ್ನು ಸೇದುತ್ತದೆ. ಒಂದು ಗಂಟೆಗೆ ಅದು ಒಂದೂವರೆ ಲಕ್ಷ ಲೀಟರ್ ಆಗುತ್ತದೆ. ಈ ಗಾಳಿಯಲ್ಲಿರುವ ರಸ್ತೆಧೂಳಿನ ಬಹುಪಾಲು ಸಿಲಿಕಾ, ಅಂದರೆ ಮರಳಿನ ಪುಡಿ, ಮತ್ತು ಅದು ಉಕ್ಕನ್ನೂ ಗೀರಬಲ್ಲಷ್ಟು ಗಡಸು. ಒಳನುಸುಳಿದ ಧೂಳು ಆಯಿಲ್‌ನೊಂದಿಗೆ ಬೆರೆತು ಸಾಣೆ ಹಿಡಿಯುವ ಹಿಟ್ಟಾಗಿ ಬೋರ್ (ಸಿಲಿಂಡರಿನ ಒಳಗೋಡೆ) ಮತ್ತು ರಿಂಗುಗಳನ್ನು ತೇಯುತ್ತದೆ. ಡೀಸೆಲ್ ಎಂಜಿನ್ನಿಗೆ ಇದು ವಿಶೇಷವಾಗಿ ಮಾರಕ, ಏಕೆಂದರೆ ಇಲ್ಲಿ ಇಂಧನವನ್ನು ಹೊತ್ತಿಸಲು ಕಿಡಿಯ ವ್ಯವಸ್ಥೆಯಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು, ರಿಂಗು ಸವೆದು ಆ ಒತ್ತಡ ಸೋರತೊಡಗಿದರೆ ಬೆಳಗಿನ ಚಳಿಯಲ್ಲಿ ಗಾಡಿ ಸ್ಟಾರ್ಟ್ ಆಗಲು ತಕರಾರು ತೆಗೆಯುತ್ತದೆ.

ಈ ಧೂಳನ್ನು ತಡೆಯುವ ವಿಷಯದಲ್ಲಿ ಅತಿ ಕಾಳಜಿಯೂ ಅಪಾಯಕಾರಿ ಎಂಬುದು ಹಲವರಿಗೆ ಅಚ್ಚರಿಯೆನಿಸಬಹುದು. ಕಾಗದದ ಏರ್ ಫಿಲ್ಟರಿನ ಮೇಲೆ ತೆಳುವಾದ ಧೂಳಿನ ಪದರ ಕಟ್ಟಿದ ಮೇಲೆ ಆ ಪದರವೇ ಇನ್ನಷ್ಟು ಸಣ್ಣ ಕಣಗಳನ್ನು ತಡೆಯುವುದರಿಂದ, ಸ್ವಲ್ಪ ಬಳಸಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ವಾರಕ್ಕೊಮ್ಮೆ ಅದನ್ನು ಬಿಚ್ಚಿ ನೆಲಕ್ಕೆ ಕುಟ್ಟುವುದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಹೊರಮೈಗೆ ರಭಸವಾಗಿ ಗಾಳಿ ಹೊಡೆಸುವುದು ಕಾಗದದ ರಂಧ್ರಗಳನ್ನು ಹಿಗ್ಗಿಸುತ್ತದೆ, ಅಂಚಿನ ರಬ್ಬರನ್ನು ಸೊಟ್ಟಗೊಳಿಸುತ್ತದೆ. ಸ್ವಚ್ಛಗೊಳಿಸಲೇಬೇಕಾದಾಗ ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹಾಯಿಸಬೇಕು. ಬಳಿಕ ಫಿಲ್ಟರಿನ ಒಳಗೆ ದೀಪ ಹಿಡಿದು ನೋಡಿದಾಗ ಒಂದು ಕಡೆಯಾದರೂ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅದನ್ನು ಎಸೆಯಬೇಕು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಬೋರ್ ಮಾಡಿಸುವ ಖರ್ಚಿಗೆ ಬೀಳುವುದು ಜಾಣತನವಲ್ಲ.

ಕೂಲಿಂಗ್ ವ್ಯವಸ್ಥೆಯಲ್ಲಿ ಎರಡು ತಪ್ಪು ರೂಢಿಗಳು ಬೇರೂರಿವೆ. ರೇಡಿಯೇಟರಿಗೆ ಸಿಕ್ಕ ನೀರು ಸುರಿಯುವುದು ಮೊದಲನೆಯದು. ಕೂಲೆಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ತುಕ್ಕುನಿರೋಧಕಗಳು ಮತ್ತು ಶುದ್ಧ ನೀರಿನ ಮಿಶ್ರಣ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣವಾದ್ದರಿಂದ, ಹಿಮ ಬೀಳದ ನಾಡಿನಲ್ಲಿ ಅದೇಕೆ ಬೇಕೆಂಬ ವಾದ ಹುಟ್ಟಿಕೊಂಡಿದೆ. ಆದರೆ ಅದೇ ಮಿಶ್ರಣ ನೀರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಕುದಿಯುತ್ತದೆ, ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ ಸರಿಯಿದ್ದರೆ ಕುದಿಬಿಂದು ಇನ್ನೂ ಮೇಲೇರುತ್ತದೆ. ಹತ್ತುದಾರಿಯಲ್ಲಿ ಎಂಜಿನ್ನನ್ನು ಕಾಯುವುದು ಈ ಅಂತರವೇ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ಎಂಜಿನ್ನಿನ ನೀರಿನ ಹಾದಿಗಳಲ್ಲಿಯೂ ಬಿಡುತ್ತದೆ, ಮತ್ತು ಆ ಪದರ ಕಾವನ್ನು ಹೊರಬಿಡದೆ ತಡೆಯುತ್ತದೆ. ಎರಡನೆಯ ರೂಢಿ ಥರ್ಮೋಸ್ಟ್ಯಾಟನ್ನು ಕಿತ್ತುಹಾಕುವುದು. ಎಂಜಿನ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ರೇಡಿಯೇಟರಿನ ಹಾದಿಯನ್ನು ಮುಚ್ಚಿಟ್ಟು, ಅನಂತರ ತೆರೆಯುವ ಈ ಮೇಣದ ಕವಾಟವನ್ನು ತೆಗೆದರೆ ಹೀಟಾಗುವ ತೊಂದರೆ ತಪ್ಪುತ್ತದೆಂದು ಕೆಲವು ಗ್ಯಾರೇಜುಗಳಲ್ಲಿ ಸಲಹೆ ಕೊಡುವುದುಂಟು. ವಾಸ್ತವದಲ್ಲಿ ಎಂಜಿನ್ ತಣ್ಣಗೇ ದುಡಿಯುತ್ತ ಹೆಚ್ಚು ಡೀಸೆಲ್ ಕುಡಿಯುತ್ತದೆ, ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗದೆ ಉಳಿದು ಕೆಸರು ಕಟ್ಟುತ್ತದೆ, ಹೀಟಾಗುತ್ತಿದ್ದ ಮೂಲ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ.

ಫ್ಯಾನ್ ಬೆಲ್ಟಿನ ಬಿರುಕು, ಹೋಸ್‌ಪೈಪುಗಳ ಉಬ್ಬು, ಬ್ಯಾಟರಿಯ ಟರ್ಮಿನಲ್ಲಿನ ಹಸಿರು ಪುಡಿ ಇವೆಲ್ಲ ಬಾನೆಟ್ ಎತ್ತಿದವರ ಕಣ್ಣಿಗೆ ತಾವಾಗಿಯೇ ಬೀಳುವಂಥವು. ಕಣ್ಣಿಗೆ ಬೀಳದಿರುವುದು ಡೀಸೆಲ್‌ನೊಳಗಿನ ನೀರು. ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅಧಿಕ ಒತ್ತಡದ ಡೀಸೆಲ್ ಹಂಚುವ ವ್ಯವಸ್ಥೆಯಲ್ಲಿ, ಒತ್ತಡವು ಸಾವಿರ ಬಾರ್ ದಾಟುತ್ತದೆ. ಪಂಪು ಮತ್ತು ಇಂಜೆಕ್ಟರಿನ ಭಾಗಗಳ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ಅಲ್ಲಿ ಜಾರಿಕೆ ಒದಗಿಸುವುದೂ ಡೀಸೆಲ್ಲೇ. ಡೀಸೆಲ್‌ನ ಬದಲು ನೀರಿನ ಹನಿ ಅಲ್ಲಿಗೆ ತಲುಪಿದರೆ ಲೋಹ ಒಣಗಿ ಉಜ್ಜಿಕೊಳ್ಳುತ್ತದೆ. ಡೀಸೆಲ್ ಫಿಲ್ಟರಿನ ಬುಡದಲ್ಲಿರುವ ತಿರುಪನ್ನು ಸಡಿಲಿಸಿ ಶೇಖರವಾದ ನೀರನ್ನು ಬಸಿಯುವುದು, ಡ್ಯಾಶ್‌ಬೋರ್ಡಿನಲ್ಲಿ ನೀರಿನ ಸೂಚಕ ದೀಪ ಹೊತ್ತಿದ ಕೂಡಲೇ ಗಾಡಿ ನಿಲ್ಲಿಸುವುದು ಈ ಕಾರಣಕ್ಕೆ. ಮಳೆಗಾಲದಲ್ಲಿ, ಅದರಲ್ಲಿಯೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಟ್ಯಾಂಕನ್ನು ರಾತ್ರಿ ತುಂಬಿಟ್ಟರೆ ಹನಿಗಟ್ಟಲು ಜಾಗವೇ ಕಡಿಮೆಯಾಗುತ್ತದೆ.

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮಗಳು ಹಳೆಯ ರೂಢಿಗಳಿಗೆ ಇದ್ದ ರಿಯಾಯಿತಿಯನ್ನು ಕಿತ್ತುಕೊಂಡಿವೆ. ಡೀಸೆಲ್‌ನಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು, ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಬಂದಿತು, ಕೆಲವು ವಾಹನಗಳಲ್ಲಿ 32.5 ಪ್ರತಿಶತ ಯೂರಿಯಾ ಇರುವ ದ್ರವದ ಪ್ರತ್ಯೇಕ ಟ್ಯಾಂಕೂ ಸೇರಿಕೊಂಡಿತು. ಡಿಪಿಎಫ್ ತುಂಬಿದಾಗ ಎಂಜಿನ್ ತಾನಾಗಿಯೇ ಹೊಗೆಯ ಕಾವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ತಡೆಯಿಲ್ಲದ ಓಟ ಬೇಕು. ಊರೊಳಗೆ ಅಂಗಡಿಯಿಂದ ಅಂಗಡಿಗೆ ನೀರಿನ ಕ್ಯಾನ್ ಹಂಚುವ ಗಾಡಿಯಲ್ಲಿ ಈ ದಹನ ಮತ್ತೆ ಮತ್ತೆ ಅರ್ಧಕ್ಕೇ ನಿಂತು, ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುವುದರಿಂದ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್‌ನ ಮಟ್ಟ ಏರುತ್ತ ಹೋಗಬಹುದು. ಆಯಿಲ್ ಇಳಿಯದೆ ಏರುತ್ತಿರುವುದನ್ನು ಕಂಡು ಸಮಾಧಾನಪಡುವ ಮಾಲೀಕ, ತೆಳುವಾದ ಆಯಿಲ್‌ನಿಂದ ಬೇರಿಂಗುಗಳಿಗೆ ಆಗುತ್ತಿರುವ ಹಾನಿಯನ್ನು ಗಮನಿಸದೆ ಹೋಗುತ್ತಾನೆ. ಇಂತಹ ವಾಹನಗಳಿಗೆ ಸುಟ್ಟಾಗ ಕಡಿಮೆ ಬೂದಿ ಬಿಡುವ ಆಯಿಲ್ಲೇ ಆಗಬೇಕು, ಏಕೆಂದರೆ ಮಸಿ ಸುಟ್ಟುಹೋದರೂ ಆಯಿಲ್‌ನ ಲೋಹಾಂಶಗಳಿಂದ ಹುಟ್ಟಿದ ಬೂದಿ ಜಾಲರಿಯಲ್ಲಿಯೇ ಉಳಿಯುತ್ತದೆ.

ಸರ್ವಿಸಿನ ಕೊನೆಯಲ್ಲಿ ಉಳಿಯುವ ಹಳೆಯ ಆಯಿಲ್‌ನ ಪ್ರಶ್ನೆ ಗ್ಯಾರೇಜಿನ ಹೊರಗೂ ಚಾಚಿಕೊಳ್ಳುತ್ತದೆ. ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯಲು, ಗೆದ್ದಲು ಹತ್ತದಂತೆ ಬೇಲಿಯ ಕಂಬಗಳಿಗೆ ಹಚ್ಚಲು ಅದನ್ನು ಕೊಂಡೊಯ್ಯುವ ವಾಡಿಕೆ ಹಳೆಯದು, ಮಿಕ್ಕದ್ದು ಎಷ್ಟೋ ಕಡೆ ಚರಂಡಿಗೆ ಹೋಗುತ್ತದೆ. ಸವೆದ ಲೋಹದ ಪುಡಿಯನ್ನೂ ದಹನದ ವಿಷಾಂಶಗಳನ್ನೂ ಹೊತ್ತಿರುವ ಈ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಮತ್ತು ಪರವಾನಗಿ ಪಡೆದ ಮರುಸಂಸ್ಕರಣಾ ಘಟಕಗಳಿಗೆ ಮಾತ್ರ ಅದು ಸೇರಬೇಕು. ಅಲ್ಲಿ ನೀರು, ಮಸಿ ಮತ್ತು ಲೋಹಾಂಶಗಳನ್ನು ಬೇರ್ಪಡಿಸಿ ಬಟ್ಟಿಯಿಳಿಸಿದರೆ ಹೊಸ ಆಯಿಲ್‌ಗೆ ಮೂಲದ್ರವ್ಯ ಮತ್ತೆ ದೊರೆಯುತ್ತದೆ, ಏಕೆಂದರೆ ಬಳಕೆಯಲ್ಲಿ ಮುಖ್ಯವಾಗಿ ಕ್ಷಯಿಸುವುದು ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳು.