ವಿದ್ಯುತ್ ಕಾರಿನ ಯಜಮಾನರು ಬಯಸುವುದೇನು?

ಶ್ರಾವಣ ಬಂದಿತೆಂದರೆ ಮಂತ್ರಾಲಯದ ಆರಾಧನೆಗೆ ಹೊರಟ ವಾಹನಗಳಿಂದ ನಮ್ಮ ಆದವಾನಿ, ಎಮ್ಮಿಗನೂರುಗಳ ರಸ್ತೆಗಳು ತುಂಬಿಹೋಗುತ್ತವೆ. ಕೆಲವು ವರ್ಷಗಳಿಂದೀಚೆಗೆ ಆ ಸಾಲಿನಲ್ಲಿ ಹಸಿರು ಫಲಕದ ಮೇಲೆ ಬಿಳಿಯ ಅಂಕಿಗಳನ್ನು ಹೊತ್ತ ಕಾರುಗಳೂ ಅಲ್ಲೊಂದು ಇಲ್ಲೊಂದು ಕಾಣಿಸತೊಡಗಿವೆ. ವಿದ್ಯುತ್ತಿನಿಂದ ಓಡುವ ಖಾಸಗಿ ವಾಹನಗಳಿಗೆ ಕೇಂದ್ರ ಸರ್ಕಾರವು 2018ರಲ್ಲಿ ಗೊತ್ತುಪಡಿಸಿದ ಗುರುತು ಅದು. ನಂದವರಂ ಕಡೆಯ ಹುಡುಗರು ಅವನ್ನು ‘ಸದ್ದಿಲ್ಲದ ಕಾರು’ ಎಂದು ಕರೆಯುತ್ತಾರೆ. ಅವುಗಳಲ್ಲಿ ಕೆಲವಕ್ಕೆ ನಮ್ಮ ಸೀಮೆಯ ಮೂರು ನಾಲ್ಕು ಎಕರೆ ಎರೆಭೂಮಿಯ ಬೆಲೆಯಿದೆ. ಅಷ್ಟು ಹಣ ತೆತ್ತು ಕೊಂಡವರಿಗೆ ಇನ್ನೇನು ಕೊರತೆಯಿದ್ದೀತು ಎಂದು ನಮಗೆ ತೋರುವುದು ಸಹಜ. ಆದರೆ ಕಾರನ್ನು ಕೊಂಡ ಮರುದಿನವೇ ಯಜಮಾನನ ಮನಸ್ಸಿನಲ್ಲಿ ಒಂದು ಪಟ್ಟಿ ಮೊದಲಾಗುತ್ತದೆ: ಮುಂದಿನ ಸಲ ಇದರಲ್ಲಿ ಇದೂ ಇರಲಿ, ಇದು ಇರದಿರಲಿ. ವಿದ್ಯುತ್ ಕಾರಿನ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪಟ್ಟಿಯ ಇತಿಹಾಸವೇ. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಜನ್ ಸಂಸ್ಥೆಯೂ ಕೂಡಿ ರೇವಾ ವಿದ್ಯುತ್ ಕಾರು ಕಂಪೆನಿಯನ್ನು ಹುಟ್ಟುಹಾಕಿದವು. ಅದರ ಹಿಂದಿದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ ಆಸ್ಟ್ರೇಲಿಯಾದ ಸೌರ ಕಾರುಗಳ ಓಟದಲ್ಲಿ ಪಾಲ್ಗೊಂಡ ವಿದ್ಯಾರ್ಥಿ ತಂಡದಲ್ಲಿ ಇವರೂ ಇದ್ದರು. 2001ರಲ್ಲಿ ರೇವಾ ಬೆಂಗಳೂರಿನ ಬೀದಿಗಿಳಿಯಿತು. ಎರಡೇ ಬಾಗಿಲು; ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂಡಬಹುದಾದಷ್ಟು ಸ್ಥಳ. ಸೀಸದ ಎಂಟು ಬ್ಯಾಟರಿಗಳು ಸೇರಿ 48 ವೋಲ್ಟ್ ಶಕ್ತಿ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ. ಪೂರ್ತಿ ಚಾರ್ಜಿಗೆ ಎಂಟು ಗಂಟೆ ಬೇಕು; ಮನೆಯ ಪ್ಲಗ್ಗೇ ಸಾಕು. ಮೈಗೆ ತಗಡಿನ ಬದಲು ಪ್ಲಾಸ್ಟಿಕ್ ಹೊದಿಕೆಯಿದ್ದುದರಿಂದ ಸಣ್ಣಪುಟ್ಟ ತಾಗುವಿಕೆಗೆ ತಗ್ಗು ಬೀಳುತ್ತಿರಲಿಲ್ಲ.

ಲಂಡನ್ ನಗರವು 2003ರಲ್ಲಿ ತನ್ನ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆಯ ಸುಂಕ ಹೇರಿತು. ವಿದ್ಯುತ್ ಕಾರಿಗೆ ಆಗ ಅದರಿಂದ ವಿನಾಯಿತಿಯಿತ್ತು. ಅಲ್ಲಿ ‘ಜಿ-ವಿಜ್’ ಎಂಬ ಹೆಸರು ಪಡೆದ ನಮ್ಮ ರೇವಾ ಕೆಲವು ವರ್ಷ ಆ ಬೀದಿಗಳ ಪರಿಚಿತ ಮುಖವಾಯಿತು. ಕೊಂಡವರು ಮೆಚ್ಚಿದರು, ಮೆಚ್ಚಿದವರೇ ದೂರನ್ನೂ ಹೇಳಿದರು. ವೇಗ ಸಾಲದು, ಏರು ಹತ್ತುವಾಗ ಏದುಸಿರು ಬಿಡುತ್ತದೆ, ಬ್ಯಾಟರಿಗೆ ಮೇಲಿಂದ ಮೇಲೆ ನೀರು ಹಾಕಬೇಕು, ಅಪಘಾತವಾದರೆ ಒಳಗಿದ್ದವರ ಗತಿಯೇನು? ಕೊನೆಯ ಪ್ರಶ್ನೆ 2007ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಅದರ ಮುಂದಿನ ಮಾದರಿಯಲ್ಲಿ ಮೋಟಾರು ಬದಲಾಯಿತು, ವೇಗ ಗಂಟೆಗೆ 80 ಕಿಲೋಮೀಟರಿಗೆ ಏರಿತು. 2009ರಲ್ಲಿ ಸೀಸದ ಬದಲು ಲಿಥಿಯಂ ಬ್ಯಾಟರಿಯ ಮಾದರಿ ಬಂದು ಓಟ 120 ಕಿಲೋಮೀಟರ್ ಮುಟ್ಟಿತು. ದೂರು ಕೇಳಿದವನು ಕಿವುಡನಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2010ರಲ್ಲಿ ಮಹೀಂದ್ರ ಸಂಸ್ಥೆಯು ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. ಬೊಮ್ಮಸಂದ್ರದ ಹೊಸ ಕಾರ್ಖಾನೆಯಲ್ಲಿ ತಯಾರಾದ ‘ಇ-ಟು-ಓ’ 2013ರ ಮಾರ್ಚಿಯಲ್ಲಿ ಮಾರುಕಟ್ಟೆಗೆ ಬಂದಿತು. ಇದರಲ್ಲಿ ದೊಡ್ಡವರು ನಾಲ್ವರು ಕೂಡಬಹುದಿತ್ತು. ಚಾರ್ಜು ಮುಗಿದು ದಾರಿಯಲ್ಲಿ ನಿಂತರೆ, ಮೀಸಲಿಟ್ಟ ಅಲ್ಪಸ್ವಲ್ಪ ಶಕ್ತಿಯನ್ನು ಬಿಡಿಸಿಕೊಂಡು ಇನ್ನಷ್ಟು ದೂರ ಹೋಗುವ ಉಪಾಯವಿತ್ತು. ಅಜ್ಜಿ ಸೆರಗಿನ ಗಂಟಿನಲ್ಲಿ ಉಳಿಸಿಟ್ಟ ನಾಲ್ಕು ಕಾಸಿನಂತೆ. ಇಷ್ಟೆಲ್ಲ ಇದ್ದೂ ಬಾಗಿಲು ಮಾತ್ರ ಎರಡೇ! ಮದುವೆಗೆ ಹೊರಟ ಕುಟುಂಬದಲ್ಲಿ ರೇಷ್ಮೆ ಸೀರೆಯುಟ್ಟ ಹಿರಿಯ ಮುತ್ತೈದೆ ಮುಂದಿನ ಆಸನವನ್ನು ಮಡಿಸಿ, ಬಗ್ಗಿ, ತೂರಿ ಹಿಂದೆ ಹೋಗಿ ಕುಳ್ಳಿರುವುದನ್ನು ಊಹಿಸಿಕೊಳ್ಳಿ. ಆ ಕಾರಿನ ನಕ್ಷೆ ಬರೆದವರ ಮನೆಯಲ್ಲಿ ಅತ್ತೆ ಇರಲಿಲ್ಲವೇನೋ. ನಾಲ್ಕು ಬಾಗಿಲು ಕೊಡಿ ಎಂಬ ಬೇಡಿಕೆ ಈಡೇರಲು 2016ರ ಅಕ್ಟೋಬರ್ ಬರಬೇಕಾಯಿತು. ಆ ವೇಳೆಗೆ ಕಾಲ ಮಿಂಚಿತ್ತು. 2019ರಲ್ಲಿ ಆ ಕಾರಿನ ತಯಾರಿಕೆಯೇ ನಿಂತುಹೋಯಿತು. ನಿಲ್ಲಲು ಬಾಗಿಲೊಂದೇ ಕಾರಣವೆಂದು ನಾನು ಹೇಳಲಾರೆ. ಆದರೂ ಮನೆಮಂದಿಯ ಮಾತನ್ನು ಮೂರು ವರ್ಷ ತಡವಾಗಿ ಕೇಳಿಸಿಕೊಂಡ ವಸ್ತುವಿಗೆ ಮನೆಯಲ್ಲಿ ಜಾಗ ದೊರೆಯುವುದು ಕಷ್ಟವೇ.

ಅನಂತರ ಬಂದ ಕಾರುಗಳು ದೊಡ್ಡವು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನಿನ ವಿದ್ಯುತ್ ಮಾದರಿಗೆ 312 ಕಿಲೋಮೀಟರ್ ಓಟವೆಂಬ ಪ್ರಮಾಣಪತ್ರವಿತ್ತು. ಪರೀಕ್ಷಾಲಯದ ಅಂಕಿಯೇ ಬೇರೆ, ರಸ್ತೆಯ ಅಂಕಿಯೇ ಬೇರೆ ಎಂಬುದನ್ನು ಕೊಂಡವರು ಬೇಗನೆ ಅರಿತರು. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಶಹಭಾಸ್ ಎನ್ನಿಸಿಕೊಂಡ ಹುಡುಗ ಸಂತೆಯ ಲೆಕ್ಕದಲ್ಲಿ ತಡವರಿಸುವುದುಂಟಲ್ಲ, ಹಾಗೆ. ಹವಾನಿಯಂತ್ರಣ ಹಾಕಿ, ಐದು ಜನ ಕುಳಿತು, ಹೆದ್ದಾರಿಯಲ್ಲಿ ವೇಗವಾಗಿ ಹೊರಟರೆ ಪ್ರಮಾಣಪತ್ರದ ಮೂರರಲ್ಲಿ ಎರಡು ಪಾಲು ಸಿಕ್ಕರೆ ಪುಣ್ಯ. ಆದುದರಿಂದ ಯಜಮಾನರು ಕೇಳಿದ್ದು ಬರಿಯ ಹೆಚ್ಚು ಓಟವನ್ನಲ್ಲ, ನಿಜವಾದ ಅಂಕಿಯನ್ನು. 2024ರಲ್ಲಿ ‘ಕರ್ವ್’ ಎಂಬ ಕಾರನ್ನು ಹೊರತಂದಾಗ ಅದೇ ಸಂಸ್ಥೆಯು ಪ್ರಮಾಣಪತ್ರದ 585 ಕಿಲೋಮೀಟರಿನ ಜೊತೆಗೆ, ನೂರರಲ್ಲಿ ಎಪ್ಪತ್ತೈದು ಮಂದಿ ಗಿರಾಕಿಗಳಿಗೆ ನಿಜವಾಗಿ ದೊರೆಯಬಹುದಾದ ಓಟ 400ರಿಂದ 425 ಎಂದೂ ತಾನಾಗಿಯೇ ಪ್ರಕಟಿಸಿತು. ವಿದ್ಯುತ್ ಕಾರಿಗೆ ಸೇರಿಸಿದ ಸೌಲಭ್ಯಗಳಲ್ಲೆಲ್ಲ ನನಗೆ ಇದೇ ದೊಡ್ಡದೆಂದು ತೋರುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಸಿರಿವಂತರ ಕಾರುಗಳ ಬೇಡಿಕೆಗಳನ್ನು ನೋಡಿದರೆ ನಗೆಯೂ ಬರುತ್ತದೆ, ಅವುಗಳಲ್ಲಿ ಅರ್ಥವೂ ಇದೆ. ಅಮೆರಿಕದ ಟೆಸ್ಲಾ ಕಂಪೆನಿ 2012ರಲ್ಲಿ ಹೊರತಂದ ‘ಮಾಡೆಲ್ ಎಸ್’ ಕಾರು ಕ್ಷಣಮಾತ್ರದಲ್ಲಿ ಗಾಳಿಯ ವೇಗ ಪಡೆಯುತ್ತಿತ್ತು. ಆದರೆ ಅದರ ಬಾಗಿಲಲ್ಲಿ ಒಂದು ಕಾಗದವಿಡುವ ಚೀಲವೂ ಇರಲಿಲ್ಲವೆಂದು ಕೊಂಡವರು ಗೊಣಗಿದರು. 2021ರಲ್ಲಿ ಅದೇ ಕಾರಿನ ದುಂಡು ಸ್ಟಿಯರಿಂಗನ್ನು ತೆಗೆದು ಅರ್ಧ ಕತ್ತರಿಸಿದಂಥದನ್ನು ಕೂಡಿಸಿದರು. ತಿರುವಿನ ದೀಪಕ್ಕಿದ್ದ ಕಡ್ಡಿಯನ್ನೂ ತೆಗೆದರು. ಎರಡು ವರ್ಷ ಕಳೆಯುವುದರೊಳಗೆ ದುಂಡು ಚಕ್ರ ಬೇಕೆಂದವರಿಗೆ ಅದನ್ನು ಮತ್ತೆ ಕೊಡಬೇಕಾಯಿತು. ನಮ್ಮ ದೇಶದಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ಜೋಡಿಸಿದ ಮರ್ಸಿಡಿಸ್ ‘ಇಕ್ಯೂಎಸ್’ 2022ರ ಸೆಪ್ಟೆಂಬರಿನಲ್ಲಿ ಬಂದಾಗ ಅದರ ಬೆಲೆ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಇಂಥ ಕಾರುಗಳ ಗಿರಾಕಿಗಳು ಈಗ ತಪ್ಪದೆ ಕೇಳುವ ಸುಖವೆಂದರೆ ಬೆನ್ನು ಬೆವರದಂತೆ ಒಳಗಿಂದಲೇ ಗಾಳಿ ಹಾಯುವ ಆಸನ. ಆಸನವನ್ನು ತಂಪು ಮಾಡುವ ವಿದ್ಯೆಯಲ್ಲಿ ಮುಂದೆ ಹೆಸರಾದದ್ದು ರೇವಾದ ಪಾಲುದಾರನಾಗಿದ್ದ ಆ ಅಮೆರಿಜನ್ ಸಂಸ್ಥೆಯೇ ಎಂಬುದು ಸ್ವಾರಸ್ಯದ ಸಂಗತಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಹೋದ ವರ್ಷ ಬೆಲೆಬಾಳುವ ವಿದ್ಯುತ್ ಕಾರೊಂದನ್ನು ಕೊಂಡು, ತಾಯಿಯನ್ನು ಕರೆದೊಯ್ಯಲೆಂದು ಒಮ್ಮೆ ಊರಿಗೆ ತಂದಿದ್ದ. ಅದರ ಬಾಗಿಲ ಹಿಡಿಗಳು ಮೈಯೊಳಗೆ ಹುದುಗಿಕೊಂಡಿದ್ದವು. ಆ ತಾಯಿ ಕಾರನ್ನು ಒಂದು ಸುತ್ತು ಹಾಕಿ, “ಯಪ್ಪಾ, ಇದಕ್ಕ ಹಿಡಿಯೇ ಇಲ್ಲಲ್ಲೋ, ಎಲ್ಲಿ ಹಿಡದು ತೆಗೀಬೇಕು?” ಎಂದರು. ಅದಾದ ಮೇಲೆ ಅವನು ರೈಲಿನಲ್ಲಿ ಆದವಾನಿಗೆ ಬಂದು ಬಸ್ಸು ಹಿಡಿಯುತ್ತಿದ್ದಾನೆ. ಕಾರೆಲ್ಲಿ ಎಂದು ಕೇಳಿದೆ. “ಸಾರ್, ಬರಬಹುದು. ತಿರುಗಿ ಹೋಗೋದೇ ಚಿಂತೆ” ಎಂದ. ಬೆಂಗಳೂರಿನಿಂದ ಆದವಾನಿ ಮುನ್ನೂರು ಕಿಲೋಮೀಟರಿಗೂ ಮೇಲೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು ಈಗ ಹಬ್ಬಕ್ಕೆ ಮಾತ್ರ ಬರುತ್ತಾನೆ. ಮಂಡಿನೋವಿನ ತಾಯಿಯನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುವವರು ಬೇರೆ ಯಾರೋ.

ಮನೆಯಲ್ಲಿಯೇ ಚಾರ್ಜು ಮಾಡಿಕೊಳ್ಳಬಾರದೆ ಎಂದು ಕೇಳುವವರಿಗಾಗಿ ಏಳನೆಯ ತರಗತಿಯ ಲೆಕ್ಕವೊಂದನ್ನು ಇಲ್ಲಿ ಮಾಡೋಣ. ಮನೆಯ ದೊಡ್ಡ ಪ್ಲಗ್ಗು 16 ಆಂಪಿಯರಿನದು. ಅದರಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಕಾರಿಗೆ ಸೇರುತ್ತದೆ. 2024ರ ನವೆಂಬರಿನಲ್ಲಿ ಅನಾವರಣಗೊಂಡ ಮಹೀಂದ್ರದ ದೊಡ್ಡ ವಿದ್ಯುತ್ ಕಾರುಗಳ ಬ್ಯಾಟರಿ 79 ಯೂನಿಟ್ ಹಿಡಿಯುತ್ತದೆ. ಅದು ತುಂಬಲು ಇಪ್ಪತ್ತಾರು ಗಂಟೆ ಬೇಕು. ಮೇಲೆ ಹೇಳಿದ ಮರ್ಸಿಡಿಸಿನದು 107.8 ಯೂನಿಟ್, ಒಂದೂವರೆ ಕೋಟಿಯ ಕಾರು ಒಂದೂವರೆ ದಿನ ಅಂಗಳದಲ್ಲಿ ಎತ್ತಿನಂತೆ ಕಟ್ಟಿಹಾಕಿಸಿಕೊಂಡಿರಬೇಕು. ಅದೂ ಕರೆಂಟು ಎಡೆಬಿಡದೆ ಇದ್ದರೆ. ಇನ್ನು ಎಷ್ಟೋ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲ. ಅರ್ಥಿಂಗ್ ಇಲ್ಲವೆಂದು ತಿಳಿದರೆ ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹಾಗಾಗುವುದು ನಮ್ಮ ಪ್ರಾಣರಕ್ಷಣೆಗೇ.

ನಗರದ ಯಜಮಾನರ ಪಟ್ಟಿಯಲ್ಲಿ ಕಾಣದ ಕೆಲವು ಬೇಡಿಕೆಗಳು ಇಲ್ಲಿಂದ ಹುಟ್ಟುತ್ತವೆ. ಮೊದಲನೆಯದು ಸ್ಟೆಪ್ನಿ. ಗಾಳಿಯ ಒತ್ತಡವನ್ನು ತಿಳಿಸುವ ಯಂತ್ರವೂ ಪಂಕ್ಚರ್ ಮುಚ್ಚುವ ಸಾಮಾನೂ ಇದ್ದರೆ ಹೆಚ್ಚುವರಿ ಚಕ್ರ ಕೊಡಬೇಕಾದುದಿಲ್ಲವೆಂದು 2020ರ ಜುಲೈಯಲ್ಲಿ ಸರ್ಕಾರ ನಿಯಮ ತಿದ್ದಿತು. ಬ್ಯಾಟರಿಗೆ ಜಾಗ ಬೇಕಾದ ವಿದ್ಯುತ್ ಕಾರುಗಳಲ್ಲಿ ಹಲವು ಸ್ಟೆಪ್ನಿಯನ್ನು ಕೈಬಿಟ್ಟವು. ಬೆಂಗಳೂರಿನಲ್ಲಿ ಅದು ನಡೆದೀತು. ನಮ್ಮ ಕಡೆ ಹೊಲದ ದಾರಿಗೆ ಬಿದ್ದಿರುವ ಬಳ್ಳಾರಿ ಜಾಲಿಯ ಮುಳ್ಳಿಗೆ ಆ ಅಂಟು ಎಲ್ಲಿಗೆ ಸಾಕು? ಟಯರಿನ ಪಕ್ಕ ಸೀಳಿದರಂತೂ ಅಂಟಿನಿಂದ ಏನೂ ಆಗದು. ಕತ್ತಲಾದ ಮೇಲೆ ಕೌತಾಳದ ಆಚೆ ಒಮ್ಮೆ ಚಕ್ರ ಕೆಟ್ಟು ನಿಂತವನಿಗೆ ಗಾಳಿ ಹಾಯುವ ಆಸನದ ಸುಖ ನೆನಪಾಗುವುದಿಲ್ಲ.

ಬಿಸಿಲಿನದು ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಸೆಖೆ 40 ಡಿಗ್ರಿ ದಾಟುವುದು ವಾಡಿಕೆ. ಲಿಥಿಯಂ ಬ್ಯಾಟರಿಗೆ ಮನುಷ್ಯನಂತೆಯೇ ಹಿತವಾದ ಹವೆ ಬೇಕು. ಹೆಚ್ಚು ಕಾವು ಅದರ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಆದುದರಿಂದ ಈ ಸೀಮೆಯಲ್ಲಿ ಕಾರು ಕೊಳ್ಳುವವರು ಬ್ಯಾಟರಿಯನ್ನು ದ್ರವ ಹರಿಸಿ ತಂಪು ಮಾಡುವ ಏರ್ಪಾಡಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ಗಾಜಿನ ಮಾಳಿಗೆಯ ಅಂದವನ್ನು ಆಮೇಲೆ ನೋಡಬಹುದು. ಇಡೀ ಮಾಳಿಗೆಗೆ ಗಾಜು ಕೂಡಿಸುವುದು ಈಗ ಸಿರಿತನದ ಗುರುತು. ಆ ಗಾಜಿನಡಿ ಮಂತ್ರಾಲಯದ ನಡುಹಗಲಿನಲ್ಲಿ ಕುಳಿತವರಿಗೆ ಜೋಳದ ರೊಟ್ಟಿಯ ಕಷ್ಟ ತಿಳಿದೀತು.

ಹೇಳಿದ ಮಾತನ್ನು ಕೇಳಿ ನಡೆಯುವ ಕಾರುಗಳೂ ಬಂದಿವೆ. ಅವು ಕನ್ನಡವನ್ನೂ ಚೆನ್ನಾಗಿ ಕಲಿಯಲಿ ಎಂಬುದು ನನ್ನ ಆಸೆ. ಆದರೆ ನಮ್ಮ ಮನೆಗಳಲ್ಲಿ ಕನ್ನಡದಲ್ಲಿ ಮೊದಲಾದ ವಾಕ್ಯ ತೆಲುಗಿನಲ್ಲಿ ಮುಗಿಯುತ್ತದೆ. ಅದನ್ನು ಹಿಂಬಾಲಿಸುವ ಕಾರು ಹುಟ್ಟಲು ಇನ್ನೂ ಕೆಲವು ಕಾಲ ಬೇಕು.

ಇವೆಲ್ಲಕ್ಕಿಂತ ಹೆಚ್ಚಿನ ಬೇಡಿಕೆ ಕಾರಿನೊಳಗೆ ಇಡಲಾಗದಂಥದು. ಹೆದ್ದಾರಿಗಳಲ್ಲಿ ಎರಡೂ ಬದಿಗೆ ಇಪ್ಪತ್ತೈದು ಕಿಲೋಮೀಟರಿಗೊಂದು ಚಾರ್ಜು ಕೇಂದ್ರವಿರಬೇಕೆಂದು ಕೇಂದ್ರದ ವಿದ್ಯುತ್ ಮಂತ್ರಾಲಯವು 2018ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. 2024ರಲ್ಲಿ ಮಂಜೂರಾದ ಪಿ.ಎಂ. ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ 2,000 ಕೋಟಿಯನ್ನು ಸಾರ್ವಜನಿಕ ಚಾರ್ಜು ಕೇಂದ್ರಗಳಿಗೆಂದೇ ತೆಗೆದಿರಿಸಲಾಯಿತು. 167ನೆಯ ರಾಷ್ಟ್ರೀಯ ಹೆದ್ದಾರಿಯು ಹಗರಿಯಿಂದ ಹೊರಟು ಆಲೂರು, ಆದವಾನಿ, ಎಮ್ಮಿಗನೂರು, ಮಂತ್ರಾಲಯಗಳನ್ನು ದಾಟಿ ರಾಯಚೂರಿಗೆ ಹೋಗುತ್ತದೆ. ಎರಡು ರಾಜ್ಯಗಳ ಕನ್ನಡ ಮನೆಗಳನ್ನು ಪೋಣಿಸಿರುವ ದಾರಿ ಇದು. ಇಪ್ಪತ್ತೈದು ಕಿಲೋಮೀಟರಿನ ಲೆಕ್ಕವನ್ನು ಈ ದಾರಿಗೂ ಅನ್ವಯಿಸಿ ಎಂದು ಕೇಳಲು ಕಾರಿನ ಒಡೆಯರೇ ಆಗಬೇಕೆಂದೇನಿಲ್ಲ. ಒಂದು ಕೇಂದ್ರ ಆದವಾನಿಯ ಬಸ್ ನಿಲ್ದಾಣದ ಸಮೀಪದಲ್ಲಿ, ಇನ್ನೊಂದು ಎಮ್ಮಿಗನೂರಿನಲ್ಲಿ, ಹಗಲು ರಾತ್ರಿ ಕೆಟ್ಟು ನಿಲ್ಲದೆ ನಡೆಯುವಂತಿದ್ದರೆ ನನ್ನ ವಿದ್ಯಾರ್ಥಿಯ ತಿರುಗಿ ಹೋಗುವ ಚಿಂತೆ ತೀರೀತು. ಬಂದವನಿಗೆ ಮನೆಯಲ್ಲಿ ರಾತ್ರಿ ಸ್ವಲ್ಪ ಚಾರ್ಜು ಸಿಗಲೆಂದು, ಅವನ ತಾಯಿ ಈಗಾಗಲೇ ಎಮ್ಮಿಗನೂರಿನಿಂದ ಮಿಸ್ತ್ರಿಯನ್ನು ಕರೆಸಿ, ಬೇವಿನ ಮರದ ಪಕ್ಕ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ ಹೊಸ ಅರ್ಥಿಂಗ್ ಹಾಕಿಸಿದ್ದಾರೆ.